ಟೋಕೇ ಹಲ್ಲಿ: ಮರಿಗಳ ಜೊತೆ ಸುಮ್ಮನಿದ್ದು, ಹೊಸಬನ ಮೇಲೆ ಯಾಕೆ ನುಗ್ಗಿತು?

ಒಂದೇ ಪೊಟರೆಯಲ್ಲಿ ಎರಡು ದೊಡ್ಡ ಟೋಕೇ ಹಲ್ಲಿಗಳು (ಟೋಕೇ ಗೆಕ್ಕೋ ಎಂಬ, ಜೋರಾಗಿ ಕೂಗುವ ದೊಡ್ಡ ಜಾತಿಯ ಹಲ್ಲಿ) ಮರಿಗಳ ಜೊತೆ ಸುಮ್ಮನಿದ್ದವು, ಮೂರನೆಯದು ಬಂದ ಕೂಡಲೇ ಒಂದು ಬಾಯಿ ತೆರೆದು ನುಗ್ಗಿತು, ಯಾಕೆ ಅಂತ ಕೇಳಿದ್ದೀರಿ. ನೀವು ನೋಡಿದ್ದು ಬಹುಶಃ ಒಂದು ಜೋಡಿ ಮತ್ತು ಅದರ ಮರಿಗಳು. ನುಗ್ಗಿದ್ದು ಗಂಡಿರಬೇಕು.

ಗಂಡು ಟೋಕೇ 30 ಸೆಂಟಿಮೀಟರ್ ದಾಟಿ ಬೆಳೆಯಬಲ್ಲದು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದರೆ ಅದು ಸಹಿಸುವುದಿಲ್ಲ. ರಾತ್ರಿ ಕೇಳುವ ಅದರ ಜೋರು ಕೂಗು ಹೆಣ್ಣನ್ನು ಕರೆಯಲೂ ಹೌದು, ಬೇರೆ ಗಂಡುಗಳನ್ನು ದೂರವಿಡಲೂ ಹೌದು. ಅದಕ್ಕೂ ಬಗ್ಗದಿದ್ದರೆ ಬಾಯಿ ತೆರೆದು ಹೆದರಿಸುತ್ತದೆ. ಕಚ್ಚಾಟ ಆಮೇಲೆ.

ನನಗೆ ಜಾಸ್ತಿ ಇಷ್ಟವಾಗುವುದು ಇವುಗಳ ಮರಿ ಕಾಯುವ ಗುಣ. ಹಲ್ಲಿಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಹೊರಟುಬಿಡುತ್ತವೆ, ಅಲ್ವಾ? ಟೋಕೇ ಹಾಗಲ್ಲ. ಹೆಣ್ಣು ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನು ಗಟ್ಟಿ ಜಾಗಕ್ಕೆ ಅಂಟಿಸುತ್ತದೆ. ಅವು ಒಡೆಯಲು ತಿಂಗಳುಗಳೇ ಬೇಕು. ಅಷ್ಟೂ ದಿನ ದೊಡ್ಡವು ಹತ್ತಿರವೇ ಇದ್ದು ಕಾಯುತ್ತವೆ. ಹುಟ್ಟಿದ ಮರಿಗಳೂ ಕೆಲಕಾಲ ಅಲ್ಲೇ ಇರುವುದುಂಟು.

ದಯವಿಟ್ಟು ಪೊಟರೆಗೆ ಕೈ ಹಾಕಬೇಡಿ. ಇವು ಕಚ್ಚಿದರೆ ಬೇಗ ಬಿಡುವುದಿಲ್ಲ. ವಿಷವಿಲ್ಲ, ಆದರೆ ಕೈ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ, ಅದರ ಹಲ್ಲುಗಳಿಗೂ ಪೆಟ್ಟು ಬೀಳಬಹುದು.