ಪ್ರತಿ: ಶುಭ ಶುಕ್ರವಾರ ಜನ ಅರ್ಧಕ್ಕೇ ಎದ್ದು ಹೋಗುತ್ತಾರೆ, ಏನು ಮಾಡಲಿ?

ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೂ ನೀವೊಬ್ಬರೇ ಪ್ರಸಂಗ ಮಾಡುತ್ತಿರುವುದೇ ಕಾರಣ ಇರಬೇಕು. ಇಪ್ಪತ್ತು ಮನೆಯ ಸಭೆ, ಶೀಟಿನ ಚಾವಣಿ ಅಂತ ಬರೆದಿದ್ದೀರಿ. ಆ ಸೆಕೆಯಲ್ಲಿ ಒಂದೇ ದನಿ ಅಷ್ಟು ಹೊತ್ತು ಕೇಳುವುದು ಯಾರಿಗಾದರೂ ಕಷ್ಟ ಅಲ್ವಾ.

ಅದಕ್ಕೆ ಮುಂಚಿನ ಗರಿಗಳ ಭಾನುವಾರ ಆರಾಧನೆ ಮುಗಿದ ಕೂಡಲೇ ಏಳು ಮಾತುಗಳನ್ನು ಏಳು ಮನೆಗೆ ಹಂಚಿಬಿಡಿ. ವಚನ ಓದುವುದು, ಐದಾರು ನಿಮಿಷ ತಮಗೆ ಅನಿಸಿದ್ದು ಹೇಳುವುದು, ಒಂದು ಕೀರ್ತನೆ, ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರುವುದು. ಯೋಹಾನ 19:28ರ ‘ನನಗೆ ನೀರಡಿಕೆಯಾಗಿದೆ’ ಅನ್ನುವುದನ್ನು ಬಿಸಿಲಲ್ಲಿ ಕೂಲಿ ಮಾಡುವವರಿಗೇ ಕೊಡಿ. ಅವರು ಎರಡೇ ವಾಕ್ಯ ಹೇಳಿದರೂ ಸಾಕು, ಅದು ನಾಟಿದಷ್ಟು ನಮ್ಮ ಪ್ರಸಂಗ ನಾಟುವುದಿಲ್ಲ. ಓದಲು ಬಾರದ ಅಜ್ಜಿಯರಿಗೆ ಲೂಕ 23:34ರ ‘ತಂದೆಯೇ, ಅವರಿಗೆ ಕ್ಷಮಿಸು’ ಕೊಡಿ, ಬಹಳ ಜನಕ್ಕೆ ಬಾಯಿಪಾಠ ಇರುತ್ತದೆ. ಬಾಗಿಲ ಹತ್ತಿರ ನೀರಿನ ಕೊಡ ಇಡಿ. ಉಪವಾಸ ಇರುವ ವಯಸ್ಸಾದವರು, ಶುಗರ್ ಇರುವವರು ನಡುವೆ ಎದ್ದರೆ ತಡೆಯಬೇಡಿ.

ಗುರುವಾರದ್ದು ಬೇರೆ ವಿಷಯ. ನಿಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆ, ಅಯ್ಯನವರು, ಅಂದರೆ ದೀಕ್ಷೆ ಪಡೆದ ಪಾದ್ರಿ ಬರದಿದ್ದರೆ ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ವಿಧಿ, ನೀವೇ ನಡೆಸಲು ಹೋಗಬೇಡಿ. ಯೇಸು ಶಿಷ್ಯರ ಕಾಲು ತೊಳೆದ ಯೋಹಾನ 13 ಓದಿ, ಬೇಸಿನ್ ಮತ್ತು ಟವೆಲ್ ಇಟ್ಟುಕೊಂಡು ಕಾಲು ತೊಳೆಯಿರಿ. ಯಾವಾಗಲೂ ಹಿಂದೆಯೇ ಕೂರುವವರಿಂದ ಶುರು ಮಾಡಿ. ಏಳೂವರೆಗೆ ಇಟ್ಟರೆ ಕೆಲಸ ಮುಗಿಸಿದವರೂ ಬರಬಹುದು, ಆದರೆ ಕೊನೇ ಬಸ್ಸಿನ ಸಮಯ ನೋಡಿಕೊಳ್ಳಿ.

ಶನಿವಾರ ಆರಾಧನೆ ಬೇಡ, ದೇವಾಲಯ ಗುಡಿಸಿ ತೊಳೆದರೆ ಸಾಕು. ಬುಧವಾರ ಸಂಜೆ ಮಾತ್ರ ಆ ಏಳು ಜನರನ್ನೂ ಕೂರಿಸಿಕೊಂಡು ಒಮ್ಮೆ ಜೋರಾಗಿ ಓದಿಸಿ ನೋಡಿ.