ಗಿಟ್ ಸರ್ವರ್‌ನಲ್ಲಿ ದಿನವೂ ಪೂರ್ತಿ ರೀಪ್ಯಾಕ್ ಮಾಡಬೇಕೇ?

ಬೇಡ. ಗಿಟ್ (ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಸಾಧನ) ತನ್ನ ಆಬ್ಜೆಕ್ಟ್‌ಗಳನ್ನು, ಅಂದರೆ ಫೈಲ್, ಕಮಿಟ್ ಮುಂತಾದವನ್ನು, ಪ್ಯಾಕ್ ಎಂಬ ಒತ್ತಿದ ಫೈಲ್‌ಗಳಲ್ಲಿ ಇಡುತ್ತದೆ; ಅವನ್ನು ಮತ್ತೆ ಜೋಡಿಸುವುದೇ ರೀಪ್ಯಾಕ್. ನೂರಾರು ಪುಶ್ (ಕೋಡ್ ಕಳಿಸುವಿಕೆ) ಬರುವ ದೊಡ್ಡ ರೆಪೊದಲ್ಲಿ (ಕೋಡ್ ಭಂಡಾರದಲ್ಲಿ) ಎಲ್ಲವನ್ನೂ ದಿನಾ ಒಂದೇ ಪ್ಯಾಕ್‌ಗೆ ತುಂಬುವುದು ಸಿಪಿಯುಗೆ ದಂಡ.

ದಿನನಿತ್ಯಕ್ಕೆ ಜಿಯೊಮೆಟ್ರಿಕ್ ರೀಪ್ಯಾಕ್ (--geometric) ಸಾಕು. ಇದಕ್ಕೆ 2 ಎಂದು ಕೊಟ್ಟರೆ, ಪ್ರತಿ ಪ್ಯಾಕ್‌ನಲ್ಲೂ ಅದಕ್ಕಿಂತ ಚಿಕ್ಕ ಪ್ಯಾಕ್‌ನ ಕನಿಷ್ಠ ಎರಡರಷ್ಟು ಆಬ್ಜೆಕ್ಟ್ ಇರುವಂತೆ ಚಿಕ್ಕವನ್ನಷ್ಟೇ ಒಟ್ಟುಗೂಡಿಸುತ್ತದೆ. ದೊಡ್ಡ ಪ್ಯಾಕ್ ಮುಟ್ಟುವುದಿಲ್ಲ. ಜೊತೆಗೆ ಹಳೆಯ ಪ್ಯಾಕ್ ಅಳಿಸುವ ಡಿ (-d) ಆಯ್ಕೆ ಬೇಕೇ ಬೇಕು. ಇಲ್ಲದಿದ್ದರೆ ಹಳೆಯ ಪ್ಯಾಕ್‌ಗಳೂ ಉಳಿದು ಡಿಸ್ಕ್ ಇನ್ನಷ್ಟು ತುಂಬುತ್ತದೆ.

ಆದರೆ ಇದು ಯಾವ ಬ್ರ್ಯಾಂಚ್‌ನಿಂದಲೂ ತಲುಪಲಾಗದ ಕಸವನ್ನು ತೆಗೆಯುವುದಿಲ್ಲ. ಅದಕ್ಕೆ ಆಗಾಗ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಪೂರ್ತಿ ರೀಪ್ಯಾಕ್ ಬೇಕು. ಇಲ್ಲಿ ಎಚ್ಚರ: ಡಿ ಜೊತೆ ಸಣ್ಣಕ್ಷರದ ಎ (-a) ಕೊಟ್ಟರೆ ಪ್ಯಾಕ್‌ನಲ್ಲಿದ್ದ ಅಂಥ ಆಬ್ಜೆಕ್ಟ್‌ಗಳು ತಕ್ಷಣ ಮಾಯ, ಅದೇ ಹೊತ್ತಿಗೆ ಬರುತ್ತಿರುವ ಪುಶ್ ಅವುಗಳನ್ನೇ ನೆಚ್ಚಿಕೊಂಡಿದ್ದರೆ ರೆಪೊ ಕೆಡಬಹುದು. ದೊಡ್ಡಕ್ಷರದ ಎ (-A) ಅವನ್ನು ಬಿಡಿ ಫೈಲ್‌ಗಳಾಗಿ ಉಳಿಸುತ್ತದೆ, ಜಿಸಿ (ಗಿಟ್‌ನ ಕಸ ತೆಗೆಯುವ ಕಮಾಂಡ್) ಸಾಮಾನ್ಯವಾಗಿ 2 ವಾರದ ನಂತರ ಅಳಿಸುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಹಳೆಯ ಡೆಲ್ಟಾಗಳೇ, ಅಂದರೆ ಆಬ್ಜೆಕ್ಟ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಇಟ್ಟ ರೂಪಗಳೇ, ಕಳಪೆಯಾಗಿದ್ದರೆ (ಬೇರೆ ಸಿಸ್ಟಮ್‌ನಿಂದ ಇಂಪೋರ್ಟ್ ಮಾಡಿದ ರೆಪೊಗಳಲ್ಲಿ ಇದು ಮಾಮೂಲು) ಒಮ್ಮೆ ಅವನ್ನು ಹೊಸದಾಗಿ ಲೆಕ್ಕ ಹಾಕುವ ಸಣ್ಣಕ್ಷರದ ಎಫ್ (-f) ಆಯ್ಕೆಯೊಂದಿಗೆ ವಿಂಡೊ (ಹೋಲಿಸಿ ನೋಡುವ ಆಬ್ಜೆಕ್ಟ್‌ಗಳ ಸಂಖ್ಯೆ) 250, ಡೆಪ್ತ್ (ಡೆಲ್ಟಾ ಸರಪಳಿಯ ಉದ್ದ) 50 ಕೊಡಿ. ವಿಂಡೊ ಡೀಫಾಲ್ಟ್ 10 ಮಾತ್ರ. ಡೆಪ್ತ್ ಇನ್ನೂ ಏರಿಸಿದರೆ ಓದುವಾಗ ನಿಧಾನವಾಗುತ್ತದೆ.

ಮೆಮೊರಿ ಸಾಲದೆ ಪ್ರೊಸೆಸ್ ಸತ್ತರೆ ವಿಂಡೊ-ಮೆಮೊರಿಗೆ ಮಿತಿ ಹಾಕಿ. ಆ ಮಿತಿ ಪ್ರತಿ ಥ್ರೆಡ್‌ಗೆ, ಹಾಗಾಗಿ ಥ್ರೆಡ್ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕಬೇಕು. ಹೊಸ ಪ್ಯಾಕ್ ಬರೆದು ಮುಗಿದ ಮೇಲೇ ಹಳೆಯದು ಅಳಿಯುವುದರಿಂದ, ರೆಪೊದಷ್ಟೇ ಖಾಲಿ ಜಾಗ ಮೊದಲೇ ಇರಲಿ.