ದಿವಾಳಿಯಾದ ಮೇಲೂ ಪಾರ್ಮಾ ಆಡಿದ್ದು ಹೇಗೆ?

2015ರ ಮಾರ್ಚ್ 19ರಂದೇ ದಿವಾಳಿ ಘೋಷಣೆಯಾದರೂ ಇಟಲಿಯ ಫುಟ್‌ಬಾಲ್ ಕ್ಲಬ್ ಪಾರ್ಮಾ ಸೀಸನ್ ಮುಗಿಸಿದ್ದು ಹೇಗೆ ಅಂತ ಕೇಳಿದ್ದೀರಿ. ಕೋರ್ಟ್ ಕ್ಲಬ್ಬಿಗೆ ಬೀಗ ಹಾಕಲಿಲ್ಲ. ಆಡಳಿತಾಧಿಕಾರಿಗಳನ್ನು ಕೂರಿಸಿ ತಾತ್ಕಾಲಿಕವಾಗಿ ನಡೆಸಲು ಬಿಟ್ಟಿತು. ಸೀರಿ ಎ, ಅಂದರೆ ಇಟಲಿಯ ಅಗ್ರ ಲೀಗಿನ ಇತರ ಕ್ಲಬ್ಬುಗಳು ಖರ್ಚಿಗೆ 50 ಲಕ್ಷ ಯೂರೋ ಕೊಟ್ಟವು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಸ್ಟೇಡಿಯಂ ಭದ್ರತಾ ಸಿಬ್ಬಂದಿಗೆ ಕೊಡಲೂ ದುಡ್ಡಿಲ್ಲದೆ ಉದಿನೇಸೆ ವಿರುದ್ಧದ ಪಂದ್ಯವೇ ಮುಂದೆ ಹೋಗಿತ್ತು.

ತಂಡ ಅರ್ಧಕ್ಕೇ ನಿಂತಿದ್ದರೆ ಲೀಗಿನ ಇಡೀ ಲೆಕ್ಕ ಕೆಡುತ್ತಿತ್ತು. ನಡೆಯುತ್ತಿದ್ದರೆ ಕೊಳ್ಳುವವರು ಬರಬಹುದು ಎಂಬ ಆಸೆಯೂ ಇತ್ತು, ಯಾರೂ ಬರಲಿಲ್ಲ.

ಅಂಕಪಟ್ಟಿ ನೋಡುವಾಗ ಒಂದು ಗಮನಿಸಿ: ಮೈದಾನದಲ್ಲಿ ಗಳಿಸಿದ್ದು 26 ಅಂಕ, ದಂಡವಾಗಿ 7 ಕಡಿತಗೊಂಡು ಉಳಿದದ್ದು 19. ಕಡಿತವಿಲ್ಲದಿದ್ದರೂ ಕೆಳಗಿನ ಲೀಗಿಗೆ ಇಳಿಯುವುದು ತಪ್ಪುತ್ತಿರಲಿಲ್ಲ. ಆದರೂ ಏಪ್ರಿಲ್‌ನಲ್ಲಿ, ಸಂಬಳವಿಲ್ಲದ ಅದೇ ಹುಡುಗರು ಲೀಗ್ ಚಾಂಪಿಯನ್ ಯುವೆಂಟಸ್ಸನ್ನು 1-0ಯಿಂದ ಸೋಲಿಸಿದರು, ಗೋಲು ಜೋಸೆ ಮೌರಿಯದ್ದು. ದೊನದೋನಿಯ ಕೋಚಿಂಗಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.